ಉರಿ ಎಂದರೆ ಗುಣವಲ್ಲ, ಎಚ್ಚರಿಕೆ

ಮುಖಕ್ಕೆ ನಿಂಬೆರಸ ಹಚ್ಚಿದಾಗ ಕೆನ್ನೆ ಚುರುಗುಟ್ಟಿದರೆ, ‘ಕೆಲಸ ಮಾಡುತ್ತಿದೆ’ ಎಂದು ಸಹಿಸಿಕೊಳ್ಳುವವರು ಬಹಳ. ಆದರೆ ಸೂಕ್ಷ್ಮ ಚರ್ಮದ ಮಟ್ಟಿಗೆ ಆ ಉರಿ ಎಚ್ಚರಿಕೆಯ ಗಂಟೆ. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5. ನಿಂಬೆರಸದ್ದು 2ರ ಆಸುಪಾಸು, ಸಾಮಾನ್ಯ ಸೋಪಿನದು 9ರಿಂದ 10. ಈ ಎರಡು ತುದಿಗಳ ನಡುವೆ ಎಳೆದಾಡಿದರೆ ತೇವ ಹಿಡಿದಿಡುವ ಹೊರಪದರ ಸಡಿಲವಾಗುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರಂತೂ ಬೊಬ್ಬೆ ಎದ್ದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ‘ನೈಸರ್ಗಿಕ’ ಎಂಬ ಮಾತೊಂದೇ ಸುರಕ್ಷತೆಯ ಖಾತರಿಯಲ್ಲ. ಕೂದಲಿನ ವಿಷಯವೂ ಅಷ್ಟೇ: ಅಪ್ಪಟ ಮದರಂಗಿ ಕೆಂಪು ಛಾಯೆ ಕೊಡುತ್ತದೆಯೇ ಹೊರತು ಕಡುಗಪ್ಪನ್ನಲ್ಲ. ‘ಕಪ್ಪು ಮೆಹಂದಿ’ ಎಂದು ಮಾರುವ ಅನೇಕ ಪುಡಿಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ; ಅದರ ಅಲರ್ಜಿ ಇದ್ದವರಿಗೆ ನೆತ್ತಿ ತುರಿಸಿ, ಕಣ್ಣುರೆಪ್ಪೆ ಊದಿಕೊಳ್ಳಬಹುದು.

ಅಜ್ಜಿಯ ಕಾಲದಿಂದ ಕಡಲೆಹಿಟ್ಟು, ಸೀಗೆಕಾಯಿ ಬಳಸಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಗ್ಗಿದವರು ಬಿಡಬೇಕಾಗಿಲ್ಲ, ಆದರೆ ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಲೇಬೇಕೆಂದಿಲ್ಲ. ದುಬಾರಿ ಕ್ರೀಮೇ ಬೇಕೆಂಬ ವಾದವೂ ನಿಲ್ಲದು. ಬೆಲೆ ಎಷ್ಟೇ ಇರಲಿ, ಸುಗಂಧ ಬೆರೆತಿದ್ದರೆ ಅದೂ ಚರ್ಮವನ್ನು ಕೆರಳಿಸೀತು. ಸುಗಂಧವಿಲ್ಲದ ಮೃದು ಫೇಸ್‌ವಾಶ್, ಸರಳ ಮಾಯಿಶ್ಚರೈಸರ್, ಸನ್‌ಸ್ಕ್ರೀನ್: ದಿನನಿತ್ಯಕ್ಕೆ ಇಷ್ಟು ಸಾಕು. ಫೌಂಡೇಶನ್ ಆಗಲಿ, ಹೇರ್‌ಡೈ ಆಗಲಿ, ಹೊಸದನ್ನು ಬಳಸುವ ಮುನ್ನ ಮೊಣಕೈ ಒಳಭಾಗಕ್ಕೆ ಚೂರೇ ಚೂರು ಹಚ್ಚಿ 48 ಗಂಟೆ ಕಾಯಿರಿ. ಕೆಂಪಾದರೆ, ತುರಿಸಿದರೆ ಅದರ ಸಹವಾಸವೇ ಬೇಡ. ಉರಿ ಇಳಿಯದಿದ್ದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಮುಲಾಮು ತಂದು ಹಚ್ಚಬೇಡಿ, ಚರ್ಮವೈದ್ಯರಿಗೆ ತೋರಿಸಿ.