ಕಷ್ಟ ಬರೆಸಲ್ಲ ಕಣ್ರೀ

ಈ ಆಷಾಢದ ಮಳೇಲಿ ಕರೆಂಟು ಹೋಗಿ ಮೂರು ದಿನ ಆಗಿತ್ತು. ಆನೆ ಬೇರೆ ಬಂದು ಬಾಳೆ ಮುರಿದು, ಕಾಫಿ ಗಿಡ ತುಳಿದು ಹೋಗಿದ್ವು. ಮನೆಗೆ ಬಂದ ನೆಂಟರೊಬ್ಬರು ನನ್ನ ಗೋಳೆಲ್ಲ ಕೇಳಿ, "ಇಷ್ಟು ಕಷ್ಟ ಪಟ್ಟಿದೀಯಲ್ಲವ್ವ, ಒಂದು ಕಾದಂಬರಿ ಬರಿ. ಕಷ್ಟದಲ್ಲೇ ಒಳ್ಳೆ ಸಾಹಿತ್ಯ ಹುಟ್ಟೋದು" ಅಂದ್ರು. ಕಾಫಿ ಕುಡಿದು ಲೋಟ ಅಲ್ಲೇ ಇಟ್ಟು ಹೋದ್ರು. ತೊಳೆದೋಳು ನಾನು.

ಈ ಮಾತನ್ನ ನಾನು ಒಪ್ಪಲ್ಲ.

ನಮ್ಮ ಜಿಲ್ಲೆಯವರೇ ಆದ ಭೈರಪ್ಪನವರ 'ಗೃಹಭಂಗ' ತಗೊಳ್ಳಿ. 1970ರಲ್ಲಿ ಬಂದ ಕಾದಂಬರಿ. ಅದರ ನಂಜಮ್ಮನಲ್ಲಿ ಅವರ ಸ್ವಂತ ತಾಯಿಯ ಬದುಕಿದೆ. ಕೈಲಾಗದ ಗಂಡ, ಬಾಯಿ ಸರಿಯಿಲ್ಲದ ಅತ್ತೆ, ಬಡತನ, ಕೊನೆಗೆ ಪ್ಲೇಗು. ಕಷ್ಟವೇ ಬರೆಸೋದಾದ್ರೆ ಆ ಕಾದಂಬರೀನ ನಂಜಮ್ಮನೇ ಬರೀಬೇಕಿತ್ತು. ಅವಳಿಗೇನು ಅಕ್ಷರ ಬರ್ತಿರಲಿಲ್ವ? ಗಂಡನ ಶ್ಯಾನುಭೋಗಿಕೆ ಲೆಕ್ಕ ಬರೆದೋಳೇ ಅವಳು! ಲೇಖನಿ ಕೈಲೇ ಇತ್ತು, ಲೆಕ್ಕಕ್ಕೇ ಸವೆದುಹೋಯ್ತು. ಭೈರಪ್ಪನವರೂ ಕಷ್ಟ ಉಂಡವರೇ, ಇಲ್ಲ ಅನ್ನಲ್ಲ. ಆದ್ರೆ 'ಗೃಹಭಂಗ' ಬರೆದದ್ದು ಓದಿ, ಮೇಷ್ಟ್ರಾಗಿ, ತಿಂಗಳ ಸಂಬಳ ಕೈಗೆ ಬರೋಕೆ ಶುರುವಾದ ಮೇಲೆ.

ತೀರ್ಥಹಳ್ಳಿ ಕಡೆಯ ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ. ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ಅಂದ್ರೆ 46ನೇ ವಯಸ್ಸಿಗೆ. "ತಡವಾದ್ರೂ ಬರೆದ್ರಲ್ಲ" ಅಂತ ಎಲ್ಲರೂ ಹೊಗಳ್ತಾರೆ. ನಾನು ಕೇಳೋದು ಬೇರೆ: ಅದಕ್ಕೆ ಮುಂಚಿನ ಇಪ್ಪತ್ತು ವರ್ಷದಲ್ಲಿ ಬರಬಹುದಾಗಿದ್ದ ಕಾದಂಬರಿಗಳು ಎಲ್ಲಿ ಹೋದ್ವು? ಫಣಿಯಮ್ಮನ ಕತೆ ಮನೆ ಹೆಂಗಸರ ಬಾಯಲ್ಲಿ ಯಾವತ್ತಿಂದಲೋ ಇತ್ತು. ಪುಸ್ತಕ ಆಗೋಕೆ 1976 ಬೇಕಾಯ್ತು.

"ಹಾಸನದ ಬಾನು ಮುಷ್ತಾಕ್ ನೋಡಿ, ಬಹಿಷ್ಕಾರ ಹಾಕಿದ್ರೂ ಬರೆದ್ರು, 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತು" ಅಂತೀರಾ? ಹೌದು, ಬಹಿಷ್ಕಾರ ಹಾಕಿದ್ರೂ ಬರೆದ್ರು. ಹಾಕಿದ್ದರಿಂದ ಅಲ್ಲ. ಹಣತೆ ಉರಿದ ಪುಣ್ಯಾನ ಗಾಳಿಗೆ ಕೊಡಬೇಡಿ.

ನಮ್ಮವ್ವ ತೋಟದ ಆಳಿನ ಲೆಕ್ಕ ಬರೀತಿದ್ಳು. ಅವಳು ಹೋದ ಮೇಲೆ ಆ ಪುಸ್ತಕ ತಿರುವಿ ಹಾಕಿದ್ರೆ, ಹಿಂದಿನ ಹಾಳೇಲಿ ಅವಳ ತವರಿನ ಹೊಳೆ ದಾಟೋ ಕತೆ ಶುರುವಾಗಿತ್ತು. ಆರು ಸಾಲು. ಏಳನೇ ಸಾಲಲ್ಲಿ ಉಪ್ಪು, ಬೆಲ್ಲ, ಸೀಮೆಎಣ್ಣೆ. ಅಲ್ಲಿಗೆ ನಿಂತಿತ್ತು. ಅವ್ವನಿಗೆ ಕಷ್ಟ ಕಮ್ಮಿ ಇರಲಿಲ್ಲ ಕಣ್ರೀ, ಕಮ್ಮಿಯಾಗಿದ್ದು ಹೊತ್ತು. ಹೊಳೆ ದಾಟಿದ್ಳೋ ಇಲ್ವೋ ಅಂತ ಕೇಳೋಕೆ ಈಗ ಅವಳಿಲ್ಲ.

ಕಷ್ಟಕಾಲದಲ್ಲಿ ಕಲೆ ಬೆಳೀಬೇಕು ಅನ್ನೋರು ಭಾಷಣ ಬಿಡಿ. ಮನೇಲಿ ಕತೆ ಹೇಳೋ ಹೆಂಗಸಿದ್ರೆ ಇವತ್ತು ಸಾಯಂಕಾಲ ಕಡುಬು ನೀವು ಬೇಯ್ಸಿ. ಕುಡಿದ ಲೋಟ ನೀವೇ ತೊಳೀರಿ. ಒಂದು ಗಂಟೆ ಅವಳನ್ನ ಯಾರೂ ಕರೀಬೇಡಿ. ಆಮೇಲೆ ಅವಳು ಬರೆದ್ಲಾ ಇಲ್ವಾ ಅಂತ ಕೇಳಿ.