ಹತ್ತು ಗೆರೆಯ ಸಡಿಲ

ನಿವೃತ್ತರಾದವರಲ್ಲಿ ಕೆಲವರು ಹೂದೋಟ ಬೆಳೆಸುತ್ತಾರೆ. ಕೆಲವರು ವಾಚನಾಲಯವನ್ನು ಆಶ್ರಯಿಸುತ್ತಾರೆ. ನಮ್ಮ ಸೋದರಮಾವನವರು ಮಾತ್ರ ಕಾರಿಲ್ಲದ ತಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಒಂದು ಮಿಲ್ಲಿಂಗ್ ಯಂತ್ರವನ್ನು ತಂದಿರಿಸಿಕೊಂಡರು. ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತೆರಡು ವರ್ಷ ದುಡಿದ ಕೈಗಳಿಗೆ ಬರಿದೆ ಕುಳಿತಿರುವುದು ಒಗ್ಗಲಿಲ್ಲ.

ಬೆಂಚಿನ ಮೇಲೆ ಕೂರುವಷ್ಟು ಚಿಕ್ಕ ಯಂತ್ರ ಅದು. ಮೇಲೆ ಗರಗರನೆ ತಿರುಗುವ ಕಟರು. ಕೆಳಗೆ ಲೋಹದ ತುಂಡನ್ನು ಬಿಗಿಯುವ ಮೇಜು. ಮೇಜನ್ನು ಎಡಬಲಕ್ಕೆ ಸರಿಸಲು ಒಂದು ಕೈಚಕ್ರ, ಹಿಂದುಮುಂದಕ್ಕೆ ಇನ್ನೊಂದು, ಕಟರನ್ನು ಏರಿಳಿಸಲು ಮೂರನೆಯದು. ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ಮೇಜು 2 ಮಿಲಿಮೀಟರು ಸರಿಯುತ್ತದೆ. ಚಕ್ರದ ಡಯಲ್ಲಿನ ಮೇಲೆ 100 ಗೆರೆಗಳು. ಒಂದು ಗೆರೆ ಎಂದರೆ 0.02 ಮಿಲಿಮೀಟರು. ಆ ಗೆರೆಗಳ ಲೋಕದಲ್ಲಿಯೇ ಮಾವನವರ ಆಯುಷ್ಯ ಸವೆದಿದೆ.

ಕಳೆದ ವರ್ಷ ಇಂಜಿನಿಯರಾಗಿರುವ ಅವರ ಮಗ, “ಅಪ್ಪ, ಈ ಚಕ್ರಗಳಿಗೆ ಮೋಟಾರು ಕಟ್ಟಿ ಕಂಪ್ಯೂಟರಿನಿಂದ ನಡೆಸೋಣ” ಎಂದು ಪ್ರಸ್ತಾಪವೆತ್ತಿದ.

“ಆಮೇಲೆ ನನಗೇನು ಕೆಲಸ? ಶೆಡ್ಡು ಗುಡಿಸುವುದೋ?” ಎಂದರು ಮಾವನವರು.

“ಗುಡಿಸಿದರೆ ನನಗೆ ಸಂತೋಷವೇ!” ಎಂದು ಅತ್ತೆ ಅಡುಗೆಮನೆಯಿಂದಲೇ ಉತ್ತರ ಕೊಟ್ಟರು.

ತಿಂಗಳೆರಡು ಕಳೆದ ಮೇಲೆ ಮಾವನವರು ತಾವಾಗಿಯೇ ಒಪ್ಪಿದರೆಂದು ಕೇಳಿ ನನಗೆ ಆಶ್ಚರ್ಯವಾಯಿತು. ಕಾರಣವನ್ನು ಅವರು ನನಗೊಬ್ಬನಿಗೇ ಹೇಳಿದರು. ಕಾಫಿಯ ಲೋಟ ಹಿಡಿದ ಅವರ ಬಲಗೈ ಸಣ್ಣಗೆ ಕಂಪಿಸುತ್ತಿತ್ತು. “ಗೆರೆ ಕಾಣುತ್ತದೆ ಕಣಪ್ಪ, ಕೈ ಅಲ್ಲಿ ನಿಲ್ಲುವುದಿಲ್ಲ” ಎಂದರು. ಒಂದು ಷರತ್ತನ್ನು ಮಾತ್ರ ವಿಧಿಸಿದ್ದರು: ಕೈಚಕ್ರಗಳನ್ನು ಕಿತ್ತುಹಾಕಕೂಡದು. ಮಗನು ಎರಡು ಕಡೆಯೂ ದಂಡವಿರುವ ಮೋಟಾರುಗಳನ್ನು ತಂದು, ಒಂದು ತುದಿಗೆ ಯಂತ್ರವನ್ನೂ ಇನ್ನೊಂದು ತುದಿಗೆ ಹಳೆಯ ಚಕ್ರವನ್ನೂ ಜೋಡಿಸಿದ.

ಇಂತಹ ಪರಿವರ್ತನೆ ಹೊಸದೇನೂ ಅಲ್ಲ. ಅಮೆರಿಕದ ಮಿಚಿಗನ್ ಪ್ರಾಂತದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ ಜಾನ್ ಪಾರ್ಸನ್ಸ್ ಎಂಬವರಿಗೆ ವಕ್ರರೇಖೆಯನ್ನು ಲೋಹದಲ್ಲಿ ಕೊರೆಯುವುದು ಸಮಸ್ಯೆಯಾಗಿತ್ತು. ಅವರ ಸಹೋದ್ಯೋಗಿ ಫ್ರಾಂಕ್ ಸ್ಟುಲೆನ್ ರೇಖೆಯ ಮೇಲಿನ ಬಿಂದುಗಳನ್ನು ಲೆಕ್ಕಯಂತ್ರದಿಂದ ಗುಣಿಸಿ ಕೊಡುವರು. ಒಬ್ಬನು ಆ ಅಂಕಿಗಳನ್ನು ಕೂಗಿ ಓದುವನು. ಇಬ್ಬರು ಒಂದೊಂದು ಕೈಚಕ್ರವನ್ನು ತಿರುಗಿಸುವರು. ಈ ಮೂವರ ಕೆಲಸವನ್ನು ಯಂತ್ರವೇ ಏಕೆ ಮಾಡಬಾರದೆಂಬ ಯೋಚನೆ 1952ರಲ್ಲಿ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಫಲಿಸಿತು. ಅಲ್ಲಿಯೂ ಹೊಸ ಯಂತ್ರವನ್ನು ಕಟ್ಟಲಿಲ್ಲ. ಸಿನ್ಸಿನಾಟಿ ಕಂಪನಿಯ ಒಂದು ಮಿಲ್ಲಿಂಗ್ ಯಂತ್ರವನ್ನೇ ಮಾರ್ಪಡಿಸಿ, ರಂಧ್ರ ಕೊರೆದ ಪಟ್ಟಿಯ ಆಜ್ಞೆಯಂತೆ ನಡೆಯುವ ಹಾಗೆ ಮಾಡಿದರು.

ಮಾವನವರ ಯಂತ್ರದ ಸ್ಟೆಪ್ಪರ್ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ. ಸುತ್ತಿಗೆ 2 ಮಿಲಿಮೀಟರೆಂದ ಮೇಲೆ ಹೆಜ್ಜೆಗೆ 0.01 ಮಿಲಿಮೀಟರಾಯಿತು, ಅಂದರೆ ಡಯಲ್ಲಿನ ಅರ್ಧ ಗೆರೆ. ಅದರ ಭಾಷೆಯಲ್ಲಿ ನಡಿಗೆಗೆ ಮುಖ್ಯವಾದ ಕ್ರಿಯಾಪದಗಳು ನಾಲ್ಕೇ: ಜಿ-0 ಎಂದರೆ ಬೇಗ ಸರಿ, ಜಿ-1 ಎಂದರೆ ಕೊರೆಯುತ್ತ ನೇರವಾಗಿ ನಡೆ, ಜಿ-2 ಎಂದರೆ ಗಡಿಯಾರದ ಮುಳ್ಳಿನಂತೆ ಬಳಸಿ ನಡೆ, ಜಿ-3 ಎಂದರೆ ಅದಕ್ಕೆ ವಿರುದ್ಧವಾಗಿ. ಕೇಶಿರಾಜನು ಕಂಡಿದ್ದರೆ ಈ ವ್ಯಾಕರಣವನ್ನು ಒಂದೇ ಸೂತ್ರದಲ್ಲಿ ಮುಗಿಸುತ್ತಿದ್ದನು!

ಪ್ರಥಮ ಪರೀಕ್ಷೆಗೆ ನಾನೂ ಹಾಜರಿದ್ದೆ. ಅಲ್ಯೂಮಿನಿಯಂ ಹಲಗೆಯಲ್ಲಿ 40 ಮಿಲಿಮೀಟರಿನ ವೃತ್ತವನ್ನು ಕೊರೆಯಬೇಕಾಗಿತ್ತು. ಚಕ್ರಗಳು ತಮ್ಮಷ್ಟಕ್ಕೆ ತಾವೇ ತಿರುಗಿದವು, ವೃತ್ತವೂ ಆಯಿತು. ಆದರೆ ಅಳೆದು ನೋಡಿದರೆ ನಾಲ್ಕು ದಿಕ್ಕಿನಲ್ಲಿಯೂ ಚಿಕ್ಕ ಚಿಕ್ಕ ಮೆಟ್ಟಿಲು! ಮಗನು ಎರಡು ರಾತ್ರಿ ನಿದ್ದೆಗೆಟ್ಟು ಲೆಕ್ಕವನ್ನೂ ತಂತಿಗಳನ್ನೂ ಪರೀಕ್ಷಿಸಿದ. ತಪ್ಪು ಸಿಗಲಿಲ್ಲ.

ಮೂರನೆಯ ದಿನ ಮಾವನವರು ಹಲಗೆಯನ್ನೆತ್ತಿಕೊಂಡು ಉಗುರಿನಿಂದ ವೃತ್ತವನ್ನು ಒಮ್ಮೆ ಸವರಿದರು. “ಇವು ನಾಲ್ಕೂ ಮೇಜು ದಿಕ್ಕು ಬದಲಿಸುವ ಜಾಗಗಳು. ಸ್ಕ್ರೂವಿಗೂ ನಟ್ಟಿಗೂ ನಡುವೆ ಹತ್ತು ಗೆರೆ ಪ್ಲೇ ಇದೆ. ಚಕ್ರ ಹಿಂದಕ್ಕೆ ತಿರುಗಿದರೂ ಮೊದಲ ಹತ್ತು ಗೆರೆ ಮೇಜು ಅಲ್ಲಾಡುವುದಿಲ್ಲ. ನಾನು ಗೆರೆಯನ್ನು ದಾಟಿ ಹಿಂದೆ ಹೋಗಿ, ಯಾವಾಗಲೂ ಒಂದೇ ಕಡೆಯಿಂದ ಬಂದು ನಿಲ್ಲಿಸುತ್ತಿದ್ದೆ” ಎಂದರು.

ಮಗನು ಬೆರಗಾದ. ಆ ದೋಷದ ವಿಷಯವನ್ನು ಅವನು ಪುಸ್ತಕದಲ್ಲಿ ಓದಿಯೇ ಇದ್ದ. ಆದರೆ ತಂದೆಯ ಕೈಯಿಂದ ಬಂದ ವಸ್ತುಗಳೆಲ್ಲವೂ ಕರಾರುವಾಕ್ಕಾಗಿದ್ದುದರಿಂದ, ಈ ಯಂತ್ರದಲ್ಲಿ ಸಡಿಲವಿಲ್ಲವೆಂದೇ ಭಾವಿಸಿದ್ದ.

“ಮೊದಲೇ ಏಕೆ ಹೇಳಲಿಲ್ಲ, ಅಪ್ಪ?”

ಮಾವನವರು ಕ್ಷಣಕಾಲ ಯೋಚಿಸಿದರು. “ನನಗೆಲ್ಲಿ ನೆನಪಿತ್ತು? ಕೈಗೆ ಗೊತ್ತಿತ್ತು” ಎಂದರು.

ಪ್ರತಿ ತಿರುವಿನಲ್ಲಿಯೂ ಹತ್ತು ಗೆರೆಯಷ್ಟು ಹೆಚ್ಚಾಗಿ ತಿರುಗೆಂದು ಕಂಪ್ಯೂಟರಿಗೆ ಹೇಳಿಕೊಡಬಹುದು. ಆದರೆ ಆ ಸಡಿಲದೊಳಗೆ ಕಟರು ಮೇಜನ್ನು ತಾನೇ ಎಳೆದುಕೊಂಡರೆ ಲೆಕ್ಕ ಕೆಡುತ್ತದೆ. ಕೊನೆಗೆ ಮೇಜಿನ ಎರಡು ಸ್ಕ್ರೂಗಳನ್ನೂ ಬದಲಾಯಿಸಿ, ನಟ್ಟಿನೊಳಗೆ ಉಕ್ಕಿನ ಗುಂಡುಗಳು ಉರುಳುವ ಬಾಲ್ ಸ್ಕ್ರೂಗಳನ್ನು ಹಾಕಿದರು. ಕಟರನ್ನು ಏರಿಳಿಸುವ ಸ್ಕ್ರೂವನ್ನು ಹಾಗೆಯೇ ಬಿಟ್ಟರು. ಅಲ್ಲಿ ತಲೆಯ ಭಾರವೇ ಸಡಿಲವನ್ನು ಒಂದು ಕಡೆಗೆ ಒತ್ತಿ ಹಿಡಿಯುತ್ತದೆ. ಮೇಲಾಗಿ ನುಣುಪಾದ ಬಾಲ್ ಸ್ಕ್ರೂ ಇದ್ದರೆ ವಿದ್ಯುತ್ತು ಹೋದಾಗ ತಲೆ ಕೆಳಗಿಳಿದೀತು. ಇದೂ ಮಾವನವರ ಸಲಹೆಯೇ.

ಪಾರ್ಸನ್ಸರ ಕಾಲದಲ್ಲಿಯೇ ಅಮೆರಿಕದಲ್ಲಿ ಇನ್ನೊಂದು ಮಾರ್ಗವೂ ಇತ್ತು. ನುರಿತ ಕೆಲಸಗಾರನು ಒಮ್ಮೆ ಕೈಯಿಂದ ಮಾಡಿದ ಚಲನೆಗಳನ್ನು ಕಾಂತಪಟ್ಟಿಯಲ್ಲಿ ದಾಖಲಿಸಿಕೊಂಡು, ಯಂತ್ರವು ಅದನ್ನೇ ಪುನರಾವರ್ತಿಸುವ ಮಾರ್ಗ. ಅದು ಹಿಂದೆ ಬಿದ್ದು ಅಂಕಿಗಳ ಮಾರ್ಗ ಗೆದ್ದುದಕ್ಕೆ ತಾಂತ್ರಿಕ ಕಾರಣಗಳಷ್ಟೇ ಅಲ್ಲದೆ, ಕೆಲಸದ ಹತೋಟಿ ಕೆಲಸಗಾರನ ಕೈಯಲ್ಲಿರಬಾರದೆಂಬ ಆಡಳಿತಗಾರರ ಇಚ್ಛೆಯೂ ಕಾರಣವೆಂದು ಇತಿಹಾಸಕಾರ ಡೇವಿಡ್ ನೋಬಲ್ 1984ರಲ್ಲಿ ವಾದಿಸಿದರು. ದೊಡ್ಡ ಕಾರ್ಖಾನೆಗಳ ಮಾತು ದೊಡ್ಡದು. ಈ ಚಿಕ್ಕ ಶೆಡ್ಡಿನಲ್ಲಿ ಮಾತ್ರ ಅಂಕಿಗೂ ಕೈಗೂ ರಾಜಿಯಾಗಿದೆ.

ಈಗ ತುಂಡನ್ನು ಬಿಗಿಯುವವರು, ಅಂಚನ್ನು ಗುರುತಿಸುವವರು, ಕಟರನ್ನು ಆರಿಸುವವರು ಮಾವನವರು. ಮೋಟಾರು ಎಲ್ಲಿಯಾದರೂ ತಡೆದು ಹೆಜ್ಜೆ ತಪ್ಪಿದರೆ ಕಂಪ್ಯೂಟರಿಗೆ ಅದು ತಿಳಿಯುವುದಿಲ್ಲ. ಅದು ಎಣಿಸುತ್ತಲೇ ಹೋಗುತ್ತದೆ. ಸದ್ದಿನ ವ್ಯತ್ಯಾಸದಿಂದಲೇ ಮಾವನವರು ತಿಳಿದು ಕೆಂಪು ಗುಂಡಿಯನ್ನು ಒತ್ತುತ್ತಾರೆ. ಅದನ್ನೊತ್ತಲು ನಡುಗುವ ಕೈಯೂ ಸಾಕು. ಮಗನು ಪಕ್ಕದಲ್ಲಿ ಒಂದು ನೋಟುಪುಸ್ತಕವನ್ನು ಇರಿಸಿಕೊಂಡು, “ಈಗೇನು ಕೇಳಿಸಿತು, ಅಪ್ಪ?” ಎಂದು ವಿಚಾರಿಸಿ ಬರೆದುಕೊಳ್ಳುತ್ತಾನೆ. ಕೈ ಬಲ್ಲದ್ದನ್ನು ಬಾಯಿ ತಾನಾಗಿ ಹೇಳುವುದಿಲ್ಲ. ಪಕ್ಕದಲ್ಲಿ ಕುಳಿತು ಕೇಳುವವರು ಬೇಕು. ನಿಮ್ಮ ಮನೆಯಲ್ಲಿಯೂ ಅಂತಹ ಕೈಯೊಂದಿದ್ದರೆ, ವಾಚಕರೇ, ಕೇಳುವುದನ್ನು ಮುಂದಕ್ಕೆ ಹಾಕಬೇಡಿ.

ಅಂದಹಾಗೆ, ಯಂತ್ರವು ಈಗ ಮೊದಲಿಗಿಂತ ಹೆಚ್ಚು ಲೋಹದ ಸಿಪ್ಪೆಯನ್ನು ಉಗುಳುತ್ತದೆ. ಅದನ್ನು ಗುಡಿಸುವವರೂ ಮಾವನವರೇ. ಅತ್ತೆಗೆ ಪರಮ ಸಂತೋಷ.