ಬ್ಯಾರನ್ನಿನ ಬೆಂಕಿ: ಸೌದೆ ಬಿಟ್ಟರೆ ಹೊರೆ ಯಾರ ಮೇಲೆ?



ದಶಲಕ್ಷಣ ಪರ್ವದ ದಿನಗಳಲ್ಲಿ ಗೊಮ್ಮಟಗಿರಿಗೆ ಬರುವ ಸಮಾಜ ಬಾಂಧವರು ಹುಣಸೂರು ಕಡೆಯ ಹಳ್ಳಿಗಳ ಮೇಲೆ ಕವಿದ ಹೊಗೆಯನ್ನು ನೋಡಿರುತ್ತಾರೆ. ಅದು ಅಡುಗೆಮನೆಯ ಹೊಗೆಯಲ್ಲ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳದ್ದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಮುಂಗಾರಿಗೆ ಮುಂಚಿನ ಮಳೆಗೆ ನೆಟ್ಟ ವರ್ಜೀನಿಯಾ ತಂಬಾಕು ಜುಲೈ, ಆಗಸ್ಟ್ ಹೊತ್ತಿಗೆ ಬ್ಯಾರನ್ ಸೇರುತ್ತದೆ.

ಎಲೆಯನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ತೂಗುಹಾಕುತ್ತಾರೆ. ಹೊರಗಿನ ಒಲೆಯ ಶಾಖ ತಗಡಿನ ಕೊಳವೆಗಳಲ್ಲಿ ಒಳಗೆ ಸುತ್ತುತ್ತದೆ. ಐದಾರು ದಿನ, ಹಗಲು ರಾತ್ರಿ, ಬೆಂಕಿ ಆರಬಾರದು. ಒಂದು ರಾತ್ರಿ ಶಾಖ ತಪ್ಪಿದರೆ ಎಲೆಯ ಬಣ್ಣ ಕೆಟ್ಟು ಹರಾಜಿನಲ್ಲಿ ದರ್ಜೆ ಬೀಳುತ್ತದೆ. ಒಂದು ಕೆ.ಜಿ. ಹದವಾದ ಸೊಪ್ಪಿಗೆ ಸಾಧಾರಣವಾಗಿ ನಾಲ್ಕೈದು ಕೆ.ಜಿ. ಸೌದೆ ಬೇಕು. ರಾಜ್ಯಕ್ಕೆ ತಂಬಾಕು ಮಂಡಳಿ ಇತ್ತೀಚಿನ ಕೆಲವು ವರ್ಷ ನಿಗದಿಮಾಡಿದ್ದು 10 ಕೋಟಿ ಕೆ.ಜಿ. ಅಷ್ಟೂ ಬೆಳೆದರೆ ಸೌದೆಯೇ ನಾಲ್ಕೈದು ಲಕ್ಷ ಟನ್. ಪಕ್ಕದಲ್ಲೇ ನಾಗರಹೊಳೆ ಕಾಡು.

ಆಶಾಧರರ ಸಾಗಾರಧರ್ಮಾಮೃತದಲ್ಲಿ ಶ್ರಾವಕನು ಬಿಡಬೇಕಾದ 15 ಖರಕರ್ಮಗಳಲ್ಲಿ ವನಜೀವಿಕೆ, ಅಗ್ನಿಜೀವಿಕೆ ಎರಡೂ ಇವೆ. ಮಳೆಗಾಲದ ಹಸಿ ಸೌದೆಯಲ್ಲಿ ಹುಳು, ಗೆದ್ದಲು, ಇರುವೆ ಎಷ್ಟಿರುತ್ತವೆಂದು ನಮ್ಮ ಹಿರಿಯ ಶ್ರಾವಿಕೆಯರಿಗೆ ಹೇಳಬೇಕಿಲ್ಲ; ಒಲೆಗೆ ಇಡುವ ಮುನ್ನ ಸೌದೆ ಕೊಡವುತ್ತಿದ್ದವರು ಅವರು. ಆದರೆ ನಾನೂ ಹೊರಗಿನವನಲ್ಲ. ನನ್ನ ಅಂಗಡಿಯಲ್ಲಿ ಬ್ಯಾರನ್ ಕೊಳವೆಯ ತಗಡು ಮಾರಿದ್ದೇನೆ.

ಸೌದೆಗೆ ಬದಲು ಏನು? ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆಯಲ್ಲ, ಇಲ್ಲೇಕಾಗದು ಎಂದು ಕೇಳುವವರಿದ್ದಾರೆ. ಇಲ್ಲಿ ಶಾಖ ಬೇಕಾಗುವುದೇ ಮೋಡದ ತಿಂಗಳುಗಳಲ್ಲಿ, ಅದೂ ಇಡೀ ರಾತ್ರಿ. ಹಳ್ಳಿಯ ವಿದ್ಯುತ್ತನ್ನು ನಂಬಿ ಐದು ದಿನದ ಬೆಂಕಿ ಹಚ್ಚುವ ಧೈರ್ಯ ಯಾವ ರೈತನಿಗೂ ಇಲ್ಲ. ಗ್ಯಾಸ್ ದುಬಾರಿ. ಕೈಗೆಟಕುವುದು ಎರಡು: ಬ್ಯಾರನ್ನಿನ ಚಾವಣಿ, ಬಾಗಿಲುಗಳಲ್ಲಿ ಶಾಖ ಸೋರದಂತೆ ಮಾಡುವುದು, ಮತ್ತು ಕೊಡಗಿನ ಕಡೆಯಿಂದ ಬರುವ ಕಾಫಿ ಹೊಟ್ಟಿನ ಇಟ್ಟಿಗೆ. ಅದೂ ಬೆಂಕಿಯೇ ನಿಜ, ಆದರೆ ಅದಕ್ಕಾಗಿ ಮರ ಬೀಳುವುದಿಲ್ಲ.

ತೊಡಕು ಹಣದ್ದು. ಸೌದೆ ಸಾಲಕ್ಕೆ ಸಿಗುತ್ತದೆ, ಹರಾಜಾದ ಮೇಲೆ ತೀರಿಸಬಹುದು. ಹೊಟ್ಟಿನ ಇಟ್ಟಿಗೆಗೆ ಮುಂಗಡ ಕೊಡಬೇಕು. ಮಂಡಳಿಯ ಮೂಲಕ ಬರುವ ನೆರವು ನೋಂದಾಯಿತ ಬೆಳೆಗಾರನ ಹೆಸರಿಗೆ. ಬ್ಯಾರನ್ ಬಾಡಿಗೆಗೆ ಹಿಡಿದವನಿಗೆ, ಪರವಾನಗಿ ಇಲ್ಲದೆ ಬೆಳೆದು ದಂಡ ಕಟ್ಟಿ ಮಾರುವವನಿಗೆ ಅದು ಮುಟ್ಟುವುದಿಲ್ಲ. ಸೌದೆ ಕಡಿಮೆ ಮಾಡಿ ಎಂಬ ಮಾತು ಮೇಲಿನಿಂದ ಬರುತ್ತದೆ, ಖರ್ಚು ಮಾತ್ರ ಒಲೆಯ ಮುಂದೆ ಕೂತವನದು. ಸೌದೆಯಿಲ್ಲದೆ ಬೆಂದ ಸೊಪ್ಪಿಗೆ ಕೊಳ್ಳುವ ಕಂಪನಿ ಕೆ.ಜಿ.ಗೆ ಇಷ್ಟು ಹೆಚ್ಚು ಎಂದು ಹರಾಜಿನಲ್ಲೇ ಕೊಡಬೇಕು. ಇದು ನನ್ನ ಖಚಿತ ಅಭಿಪ್ರಾಯ.

ತಂಬಾಕನ್ನೇ ಬಿಡಲಿ ಎಂದು ನಮ್ಮವರು ಕೇಳುವುದು ಸಹಜ, ಅದು ನಮಗೆ ವ್ಯಸನದ ವಸ್ತು. ನನ್ನ ಮನಸ್ಸೂ ಅದೇ. ಆದರೆ ಮಳೆಯಾಶ್ರಿತ ಎರಡು ಎಕರೆಯಲ್ಲಿ ಮಗಳ ಕಾಲೇಜು ಫೀಸಿಗೆ ಒಟ್ಟಿಗೆ ಹಣ ತರುವ ಬೇರೆ ಬೆಳೆ ತೋರಿಸದೆ ಬಿಡು ಎನ್ನಲು ನನಗೆ ಬಾಯಿ ಬಂದಿಲ್ಲ. ಆ ಹಣದಿಂದಲೇ ನಮ್ಮ ಪೇಟೆಗಳ ಬಟ್ಟೆ, ಬಂಗಾರದ ಅಂಗಡಿಗಳೂ ನಡೆಯುತ್ತಿವೆ.

ನಮ್ಮಿಂದ ಆಗುವುದೊಂದಿದೆ. ಹೊಟ್ಟಿನ ಇಟ್ಟಿಗೆ ನೆಂದರೆ ಪುಡಿಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲೇ ತಂದು ಒಣ ಜಾಗದಲ್ಲಿಡಬೇಕು. ಸಣ್ಣ ರೈತನಿಗೆ ಆ ಜಾಗವಿಲ್ಲ. ನಮ್ಮ ವ್ಯಾಪಾರಸ್ಥರಿಗೆ ಗೋದಾಮುಗಳಿವೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆ ಮುಗಿಯುವವರೆಗೆ ಒಂದು ಮೂಲೆಯನ್ನು ಬಾಡಿಗೆಯಿಲ್ಲದೆ ಬಿಡಬಲ್ಲವರು ಬರುವ ಚಾತುರ್ಮಾಸದ ಸಭೆಗೆ ಮುಂಚೆ ತಮ್ಮ ಊರಿನ ಬಸದಿ ಸಮಿತಿಗೆ ತಿಳಿಸಿದರೆ, ಮೊದಲು ಬಾಡಿಗೆ ಬ್ಯಾರನ್ನಿನವರಿಗೆ ಕೊಡೋಣ.